ಯಕ್ಷಗಾನ ಕಲಿಕೆ ಮತ್ತು ಡಿಜಿಟಲ್ ಸಾಧನಗಳು: ಪರ್ಕಳ ಪರಿಸರದ ಹಿನ್ನೆಲೆಯಲ್ಲಿ ಒಂದು ಮೌಲ್ಯಮಾಪನ

ಪ್ರವೇಶ

ಬೋಧನೆ ಮತ್ತು ಕಲಿಕೆಗೆ ಬಳಕೆಯಾಗುವ ಡಿಜಿಟಲ್ ಸಾಧನಗಳ ಕುರಿತು ಕಳೆದ ಎರಡು ದಶಕಗಳಲ್ಲಿ ನಡೆದಿರುವ ಚರ್ಚೆ ಬಹುಮಟ್ಟಿಗೆ ಗಣಿತ, ವಿಜ್ಞಾನ, ಇಂಗ್ಲಿಷ್ ಮೊದಲಾದ ಶಾಲಾ ವಿಷಯಗಳಿಗೆ ಸೀಮಿತವಾಗಿದೆ. ಮೌಖಿಕ ಪರಂಪರೆಯಲ್ಲಿ ಬೆಳೆದು ಬಂದ ಕಲೆಗಳ ಕಲಿಕೆಗೂ ಇದೇ ಸಾಧನಗಳು ಸದ್ದಿಲ್ಲದೆ ಪ್ರವೇಶಿಸಿವೆ. ಈ ಪ್ರವೇಶವನ್ನು ಜಾನಪದ ಅಧ್ಯಯನದ ದೃಷ್ಟಿಯಿಂದ ಪರಿಶೀಲಿಸುವ ಪ್ರಯತ್ನಗಳು ವಿರಳ. ದಾಖಲೀಕರಣದ ಸಮಸ್ಯೆಯನ್ನು ಜಾನಪದ ವಿದ್ವಾಂಸರು ಸಾಕಷ್ಟು ಚರ್ಚಿಸಿದ್ದಾರೆ. ದಾಖಲಾದದ್ದು ಮತ್ತೆ ಪಾಠವಾಗಿ ಮಗುವಿನ ಕೈಗೆ ಬಂದಾಗ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಅಷ್ಟಾಗಿ ಎತ್ತಿಕೊಂಡಿಲ್ಲ. ಪ್ರಸ್ತುತ ಲೇಖನವು ಬಡಗುತಿಟ್ಟಿನ ಯಕ್ಷಗಾನವನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ವಿವೇಚಿಸುತ್ತದೆ.

ಈ ವಿವೇಚನೆಗೆ ಪರ್ಕಳದ ಪರಿಸರ ಹಲವು ಕಾರಣಗಳಿಂದ ಸೂಕ್ತವಾಗಿದೆ. ಉಡುಪಿಯಿಂದ ಪೂರ್ವಕ್ಕೆ ಮಣಿಪಾಲದ ಗುಡ್ಡವನ್ನು ಹತ್ತಿ ಇಳಿದರೆ ದೊರೆಯುವ ಪೇಟೆ ಪರ್ಕಳ. ಮಲ್ಪೆಯಿಂದ ತೀರ್ಥಹಳ್ಳಿಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 169ಎ ಈ ಪೇಟೆಯ ಮೂಲಕ ಹಾದು ಹಿರಿಯಡಕವನ್ನು ಸೇರುತ್ತದೆ. ಪರ್ಕಳದ ಪಶ್ಚಿಮಕ್ಕೆ 1953ರಲ್ಲಿ ವೈದ್ಯಕೀಯ ಕಾಲೇಜು, 1957ರಲ್ಲಿ ತಾಂತ್ರಿಕ ಕಾಲೇಜು ಸ್ಥಾಪನೆಯಾಗಿ ದೇಶದ ನಾನಾ ಕಡೆಯ ವಿದ್ಯಾರ್ಥಿಗಳನ್ನು ಸೆಳೆದ ಮಣಿಪಾಲವಿದೆ. ಪೂರ್ವಕ್ಕೆ, ಮದ್ದಳೆಯ ಮಹಾನ್ ಕಲಾವಿದ ಹಿರಿಯಡಕ ಗೋಪಾಲರಾಯರ (1919–2020) ಊರಿದೆ. 1960ರ ದಶಕದ ಕೊನೆಯಲ್ಲಿ ಯಕ್ಷಗಾನವನ್ನು ಕಲಿಯಲು ಅಮೆರಿಕದಿಂದ ಬಂದ ಮಾರ್ತಾ ಆ್ಯಷ್ಟನ್ ಗೋಪಾಲರಾಯರ ಶಿಷ್ಯೆಯಾದರು. ಅವರು ಬ್ರೂಸ್ ಕ್ರಿಸ್ಟಿಯವರೊಂದಿಗೆ ಬರೆದ ಯಕ್ಷಗಾನ ಕುರಿತ ಗ್ರಂಥ 1977ರಲ್ಲಿ ಪ್ರಕಟವಾಯಿತು. ಯಂತ್ರವಿದ್ಯೆಯ ಕೇಂದ್ರವೊಂದು ಒಂದು ಬದಿಗೆ, ಕೈಯಿಂದ ಕೈಗೆ ದಾಟಿಬಂದ ವಿದ್ಯೆಯ ನೆಲೆಯೊಂದು ಇನ್ನೊಂದು ಬದಿಗೆ ಇರುವ ಈ ಪೇಟೆಯ ಮಕ್ಕಳಿಗೆ ಎರಡೂ ಲೋಕಗಳು ಪರಿಚಿತ.

ಈ ಮಕ್ಕಳ ಮನೆಮಾತು ಬಹುಮಟ್ಟಿಗೆ ತುಳು, ಕೊಂಕಣಿ ಅಥವಾ ಆಡುಗನ್ನಡ. ಯಕ್ಷಗಾನದ ಮಾತುಗಾರಿಕೆ ಅವರಿಗೆ ಗ್ರಾಂಥಿಕ ಕನ್ನಡದೊಂದಿಗೆ ಒದಗುವ ಮೊದಲ ಜೀವಂತ ಸಂಬಂಧವಾಗಿರುವುದುಂಟು. ಉಡುಪಿಯ ಯಕ್ಷಶಿಕ್ಷಣ ಟ್ರಸ್ಟ್ 2000ದ ದಶಕದ ಉತ್ತರಾರ್ಧದಿಂದ ಈ ಭಾಗದ ಪ್ರೌಢಶಾಲೆಗಳಲ್ಲಿ ಯಕ್ಷಗಾನ ತರಗತಿಗಳನ್ನು ನಡೆಸಿಕೊಂಡು ಬರುತ್ತಿದೆ. ಹೀಗಾಗಿ ಶಾಲೆಯಲ್ಲಿಯೇ ಗೆಜ್ಜೆ ಕಟ್ಟುವ ಅವಕಾಶ ಸಾಮಾನ್ಯ ಮಕ್ಕಳಿಗೂ ಒದಗಿದೆ. ವಾರದಲ್ಲಿ ಒಂದೆರಡು ತಾಸು ಗುರುಗಳ ಮುಂದೆ ಕಲಿಯುವ ವಿದ್ಯಾರ್ಥಿಗೆ ಉಳಿದ ದಿನಗಳಲ್ಲಿ ಮೊಬೈಲಿನ ತೆರೆಯೇ ಗುರು. ಆ ತೆರೆ ಏನನ್ನು ಕಲಿಸಬಲ್ಲದು, ಏನನ್ನು ಕಲಿಸಲಾರದು ಎಂಬುದನ್ನು ನಿಷ್ಕರ್ಷಿಸುವುದು ಆದ್ದರಿಂದ ಅವಶ್ಯ.

ಪರಂಪರೆಯ ಕಲಿಕಾಕ್ರಮ

ಸಾಧನಗಳನ್ನು ಅಳೆಯುವ ಮೊದಲು ಅವು ಯಾವುದರ ಜಾಗಕ್ಕೆ ಬಂದಿವೆ ಎಂಬುದನ್ನು ಗುರುತಿಸಬೇಕಾಗುತ್ತದೆ. ಮೇಳದಲ್ಲಿ ಯಕ್ಷಗಾನದ ಕಲಿಕೆ ಅವ್ಯವಸ್ಥಿತವಾಗಿತ್ತು, ನೋಡಿ ಕಲಿಯುವುದಷ್ಟೇ ಇತ್ತು ಎಂಬ ಅಭಿಪ್ರಾಯ ಪ್ರಚಲಿತವಾಗಿದೆ. ಇದು ಪೂರ್ಣ ಸರಿಯಲ್ಲ. ಪ್ರದರ್ಶನದ ಪೂರ್ವರಂಗವೇ ಒಂದು ಪಠ್ಯಕ್ರಮವಾಗಿತ್ತು. ಹೊಸದಾಗಿ ಮೇಳ ಸೇರಿದ ಬಾಲಕ ಮೊದಲು ಕೋಡಂಗಿಯಾಗಿ ರಂಗಸ್ಥಳಕ್ಕೆ ಬರುತ್ತಿದ್ದ. ಆ ಹೊತ್ತಿಗೆ ಜನ ಇನ್ನೂ ಸೇರಿರುವುದಿಲ್ಲವಾದ್ದರಿಂದ ತಪ್ಪಿದರೂ ನಷ್ಟವಿರಲಿಲ್ಲ. ಅನಂತರ ಬಾಲಗೋಪಾಲ, ಪೀಠಿಕಾ ಸ್ತ್ರೀವೇಷ, ಮುಂದೆ ಸಣ್ಣಪುಟ್ಟ ಪಾತ್ರಗಳು – ಹೀಗೆ ಕಠಿಣತೆ ಏರುತ್ತಾ ಹೋಗುತ್ತಿತ್ತು. ತನ್ನ ವೇಷ ಮುಗಿದ ಮೇಲೂ ಆತ ಬೆಳಗಿನವರೆಗೆ ಆಟದ ಬಳಿಯೇ ಇರುತ್ತಿದ್ದ.

ಈ ಕ್ರಮದ ಮುಖ್ಯ ಉಪಕರಣ ಬಾಯಿತಾಳ. ಮದ್ದಳೆಯ ನುಡಿತಗಳನ್ನು ಬಾಯಿಯಿಂದ ಹೇಳುತ್ತಾ ಹೆಜ್ಜೆಯನ್ನು ಕೂಡಿಸುವ ಈ ವಿಧಾನಕ್ಕೆ ವಾದ್ಯವೂ ಬೇಡ, ಗ್ರಂಥವೂ ಬೇಡ. ಗುರು ಬಾಯಿತಾಳವನ್ನು ವಿದ್ಯಾರ್ಥಿಯ ಶಕ್ತಿಗೆ ತಕ್ಕಂತೆ ನಿಧಾನಗೊಳಿಸುತ್ತಾನೆ, ತಪ್ಪಿದ ಜಾಗದಲ್ಲಿ ನಿಲ್ಲಿಸುತ್ತಾನೆ, ಅದೇ ತುಣುಕನ್ನು ಮತ್ತೆ ಹಿಡಿಯುತ್ತಾನೆ. ಮೊಣಕಾಲು ಎಷ್ಟು ಬಾಗಬೇಕು, ಭುಜ ಎಲ್ಲಿ ನಿಲ್ಲಬೇಕು ಎಂಬುದನ್ನು ಕೈಯಿಂದ ಮುಟ್ಟಿ ಸರಿಪಡಿಸುತ್ತಾನೆ. 1970ರ ದಶಕದ ಆರಂಭದಲ್ಲಿ ಎಂ.ಜಿ.ಎಂ. ಕಾಲೇಜಿನ ಆಶ್ರಯದಲ್ಲಿ ಉಡುಪಿಯಲ್ಲಿ ಯಕ್ಷಗಾನ ಕೇಂದ್ರ ಆರಂಭವಾದಾಗ ಅಲ್ಲಿಯೂ ಈ ತತ್ತ್ವವೇ ಮುಂದುವರಿಯಿತು. ಶಿವರಾಮ ಕಾರಂತರ ನೇತೃತ್ವ, ಹಿರಿಯಡಕ ಗೋಪಾಲರಾಯರು, ಮಟಪಾಡಿ ವೀರಭದ್ರ ನಾಯಕರಂಥ ಗುರುಗಳು ಹಾಗೂ ವಿದ್ಯಾರ್ಥಿಗಳ ಸಹವಾಸ – ಇವು ಮೇಳದ ಕಲಿಕೆಯನ್ನು ಶಾಲೆಯ ಚೌಕಟ್ಟಿಗೆ ತಂದವು.

ಈ ಕ್ರಮದಿಂದ ಮೂರು ಲಕ್ಷಣಗಳನ್ನು ಗುರುತಿಸಬಹುದು. ಒಂದು, ಕಲಿಕೆ ಹಂತಹಂತವಾಗಿ ಏರುತ್ತದೆ. ಎರಡು, ತಪ್ಪು ನಡೆದ ಕ್ಷಣದಲ್ಲಿಯೇ ತಿದ್ದುವಿಕೆ ನಡೆಯುತ್ತದೆ. ಮೂರು, ಕಲಿತದ್ದರ ಪರೀಕ್ಷೆ ಬಲ್ಲ ಪ್ರೇಕ್ಷಕರ ಮುಂದೆ ಆಗುತ್ತದೆ. ಇವುಗಳಲ್ಲಿ ಎರಡನೆಯದೇ ಉಳಿದೆರಡಕ್ಕೂ ಆಧಾರ. ತಿದ್ದುವವನಿಲ್ಲದಿದ್ದರೆ ಮುಂದಿನ ಹಂತಕ್ಕೆ ಯಾವಾಗ ಏರಬೇಕು ಎಂಬುದೂ ತಿಳಿಯದು, ಪ್ರೇಕ್ಷಕರ ಮುಂದೆ ನಿಲ್ಲುವ ಅರ್ಹತೆಯೂ ದೊರೆಯದು.

ಅಳತೆಗೋಲುಗಳ ಪ್ರಶ್ನೆ

ಶಿಕ್ಷಣ ತಂತ್ರಜ್ಞಾನದ ಮೌಲ್ಯಮಾಪನಕ್ಕೆ ಪಾಶ್ಚಾತ್ಯ ವಿದ್ವಾಂಸರು ಹಲವು ಮಾದರಿಗಳನ್ನು ರೂಪಿಸಿದ್ದಾರೆ. ರಿಚರ್ಡ್ ಕ್ಲಾರ್ಕ್ 1983ರಲ್ಲಿ ಮಂಡಿಸಿದ ವಾದದ ಪ್ರಕಾರ ಮಾಧ್ಯಮವು ಪಾಠವನ್ನು ಸಾಗಿಸುವ ವಾಹನ ಮಾತ್ರ. ದಿನಸಿ ಹೊತ್ತು ತಂದ ಲಾರಿಯಿಂದ ಊಟದ ಪುಷ್ಟಿ ಹೆಚ್ಚದಿರುವಂತೆ ಮಾಧ್ಯಮದಿಂದ ಕಲಿಕೆ ಹೆಚ್ಚುವುದಿಲ್ಲ. ರಾಬರ್ಟ್ ಕೋಜ್ಮಾ 1990ರ ದಶಕದಲ್ಲಿ ಇದನ್ನು ಅಲ್ಲಗಳೆದು, ಮಾಧ್ಯಮದ ವಿಶಿಷ್ಟ ಸಾಮರ್ಥ್ಯಗಳು ಕಲಿಕೆಯ ಸ್ವರೂಪವನ್ನೇ ಬದಲಿಸಬಲ್ಲವು ಎಂದು ವಾದಿಸಿದರು. ರೂಬೆನ್ ಪುವೆಂಟೆಡುರಾ ರೂಪಿಸಿದ ಮಾದರಿಯು ಸಾಧನದ ಬಳಕೆಯನ್ನು ನಾಲ್ಕು ಮೆಟ್ಟಿಲುಗಳಲ್ಲಿ ನೋಡುತ್ತದೆ: ಹಳೆಯದರ ಜಾಗದಲ್ಲಿ ಹೊಸದನ್ನು ಇಡುವುದು, ಅದಕ್ಕೆ ಅನುಕೂಲ ಸೇರಿಸುವುದು, ಕೆಲಸವನ್ನು ಮಾರ್ಪಡಿಸುವುದು, ಹಿಂದೆ ಸಾಧ್ಯವೇ ಇರದಿದ್ದ ಕೆಲಸವನ್ನು ಸಾಧ್ಯವಾಗಿಸುವುದು.

ಮೌಖಿಕ ಪರಂಪರೆಯ ಅಧ್ಯಯನಕಾರನಿಗೆ ಕ್ಲಾರ್ಕ್ ಅವರ ನಿಲುವನ್ನು ಇದ್ದಂತೆ ಒಪ್ಪುವುದು ಕಷ್ಟ. ಬಾಯಿತಾಳವನ್ನು ಬರವಣಿಗೆಗೆ ಇಳಿಸಿದಾಗ ಅದರ ಕಾಲಪ್ರಮಾಣ ಮಾಯವಾಗುತ್ತದೆ. ಇಲ್ಲಿ ಮಾಧ್ಯಮ ಬದಲಾದಾಗ ಪಾಠವೂ ಬದಲಾಗುತ್ತದೆ. ಪುವೆಂಟೆಡುರಾ ಮಾದರಿಯಲ್ಲಿ ಮೇಲಿನ ಮೆಟ್ಟಿಲು ಕೆಳಗಿನದಕ್ಕಿಂತ ಶ್ರೇಷ್ಠ ಎಂಬ ಗ್ರಹಿಕೆ ಅಡಗಿದೆ. ಕಲಿಕೆಯನ್ನು ಹೆಚ್ಚು ಬದಲಿಸುವ ಸಾಧನವೇ ಹೆಚ್ಚು ಒಳ್ಳೆಯದು ಎಂಬ ಈ ಗ್ರಹಿಕೆ, ಉಳಿಸಿಕೊಳ್ಳುವುದೂ ಒಂದು ಉದ್ದೇಶವಾಗಿರುವ ಪರಂಪರೆಗೆ ಹೊಂದುವುದಿಲ್ಲ.

ಯುನೆಸ್ಕೋದ 2023ರ ಜಾಗತಿಕ ಶಿಕ್ಷಣ ವರದಿಯು ತಂತ್ರಜ್ಞಾನವನ್ನೇ ವಸ್ತುವಾಗಿ ಆಯ್ದುಕೊಂಡು, ಯಾರ ಷರತ್ತಿನ ಮೇಲೆ ಈ ಸಾಧನ ಎಂಬ ಪ್ರಶ್ನೆಯನ್ನು ತನ್ನ ಶೀರ್ಷಿಕೆಯಲ್ಲಿಯೇ ಇರಿಸಿಕೊಂಡಿತು. ಶಿಕ್ಷಣ ತಂತ್ರಜ್ಞಾನದ ಪರಿಣಾಮಗಳ ಬಗ್ಗೆ ನಿಷ್ಪಕ್ಷಪಾತವಾದ ಪುರಾವೆಗಳ ಕೊರತೆಯಿದೆ, ಈ ಉತ್ಪನ್ನಗಳು ಸರಾಸರಿ 36 ತಿಂಗಳಿಗೊಮ್ಮೆ ಬದಲಾಗುತ್ತವೆ ಎಂಬ ಅದರ ಮಾತುಗಳು ಗಮನಾರ್ಹ. ಬಳಕೆದಾರರ ಸಂಖ್ಯೆ, ವೀಕ್ಷಣೆಯ ಸಂಖ್ಯೆ, ಸಂಗ್ರಹದ ಗಾತ್ರ – ಇವನ್ನೇ ಯಶಸ್ಸಿನ ಲೆಕ್ಕವಾಗಿ ತೋರಿಸುವ ರೂಢಿ ಇದರಿಂದ ಪ್ರಶ್ನಾರ್ಹವಾಗುತ್ತದೆ. ಯಕ್ಷಗಾನದ ಮಟ್ಟಿಗೆ ಹೊರಗಿನ ಮಾದರಿಗಳಿಗಿಂತ ಪರಂಪರೆಯೊಳಗಿನಿಂದಲೇ ಅಳತೆಗೋಲನ್ನು ಆಯ್ದುಕೊಳ್ಳುವುದು ಹೆಚ್ಚು ಸಮಂಜಸ. ಸಾಧನವು ತಿದ್ದುವಿಕೆಗೆ ನೆರವಾಗುತ್ತದೆಯೋ, ಇಲ್ಲವೆ ಅದನ್ನು ತಪ್ಪಿಸುತ್ತದೆಯೋ ಎಂಬುದೇ ಆ ಅಳತೆಗೋಲು.

ಪಠ್ಯರೂಪದ ಸಾಧನಗಳು

ಯಕ್ಷಗಾನ ಪ್ರಸಂಗಗಳ ಮುದ್ರಣದ ಇತಿಹಾಸದಲ್ಲಿ ಉಡುಪಿಯ ಪಾವಂಜೆ ಗುರುರಾಯರ ಶ್ರೀಮನ್ಮಧ್ವಸಿದ್ಧಾಂತ ಗ್ರಂಥಾಲಯಕ್ಕೆ ವಿಶೇಷ ಸ್ಥಾನವಿದೆ. ತಾಳೆಗರಿ ಮತ್ತು ಕೈಬರಹದಲ್ಲಿದ್ದ ಪ್ರಸಂಗಗಳು ಅಗ್ಗದ ಮುದ್ರಿತ ಪುಸ್ತಕಗಳಾಗಿ ಭಾಗವತರ ಕೈಸೇರಿದ್ದು ಅಂಥ ಪ್ರಕಾಶಕರಿಂದ. ಆ ಪುಸ್ತಕಗಳು ಕಾಲಕ್ರಮದಲ್ಲಿ ದುರ್ಲಭವಾದಾಗ, ಯಕ್ಷವಾಹಿನಿ ಸಂಸ್ಥೆಯ ಯಕ್ಷಪ್ರಸಂಗಕೋಶದಂಥ ಯೋಜನೆಗಳು ಅವುಗಳನ್ನು ಡಿಜಿಟಲ್ ರೂಪದಲ್ಲಿ ಉಚಿತವಾಗಿ ಒದಗಿಸಿದವು. ಸಂಶೋಧಕರಿಗೂ ಗ್ರಂಥಾಲಯಗಳಿಗೂ ಇದರಿಂದ ಆಗಿರುವ ಉಪಕಾರ ದೊಡ್ಡದು.

ಕಲಿಕೆಯ ದೃಷ್ಟಿಯಿಂದ ನೋಡಿದರೆ ಈ ಸಾಧನದ ಮಿತಿ ಮುದ್ರಿತ ಪ್ರಸಂಗದ ಮಿತಿಯೇ ಆಗಿದೆ. ಪದ್ಯದ ಮೇಲೆ ರಾಗ ಮತ್ತು ತಾಳದ ಹೆಸರುಗಳಿರುತ್ತವೆ. ತಾಳದ ಹೆಸರಿನಿಂದ ಮಾತ್ರೆಗಳ ಲೆಕ್ಕ ಸಿಗುತ್ತದೆ – ಏಕಕ್ಕೆ ನಾಲ್ಕು, ತ್ರಿವುಡೆಗೆ ಏಳು, ಝಂಪೆಗೆ ಹತ್ತು. ಆದರೆ ಪದ್ಯವು ತಾಳದ ಯಾವ ಅಕ್ಷರದಲ್ಲಿ ಎತ್ತುಗಡೆಯಾಗಬೇಕು, ಎಲ್ಲಿ ಉಸಿರು ಬಿಡಬೇಕು, ಯಾವ ಪಾದದಲ್ಲಿ ವೇಗ ಏರಬೇಕು, ಮುಕ್ತಾಯಕ್ಕೆ ಹೇಗೆ ಇಳಿಯಬೇಕು ಎಂಬ ಸಂಗತಿಗಳನ್ನು ಒಳಗೊಂಡ 'ಮಟ್ಟು' ಪುಟದಲ್ಲಿ ಇರುವುದಿಲ್ಲ. ಅದು ಭಾಗವತನ ಕಂಠದಲ್ಲಿರುತ್ತದೆ. ಒಂದೇ ರಾಗತಾಳದ ಎರಡು ಪದ್ಯಗಳ ಮಟ್ಟು ಬೇರೆಯಾಗಿರಬಹುದಾದ್ದರಿಂದ ಪಠ್ಯವನ್ನು ಮಾತ್ರ ಹಿಡಿದ ವಿದ್ಯಾರ್ಥಿ ಪದ್ಯವನ್ನು ಓದಬಲ್ಲ, ಹಾಡಲಾರ. ಮಟ್ಟುಗಳನ್ನು ಧ್ವನಿಸಹಿತ ಸಂಗ್ರಹಿಸುವ ಯಕ್ಷಮಟ್ಟುಕೋಶದಂಥ ಪ್ರಯತ್ನ ಈ ಕೊರತೆಯನ್ನು ಸರಿಯಾಗಿ ಗುರುತಿಸಿದೆ ಎಂಬುದು ಮೆಚ್ಚತಕ್ಕ ಅಂಶ.

ಪಠ್ಯದ ಆಯುಷ್ಯವೂ ಪರಿಶೀಲನೆಗೆ ಅರ್ಹ. ಪುಟದ ಛಾಯಾಚಿತ್ರವಾಗಿ ಮಾತ್ರ ಉಳಿದ ಪ್ರಸಂಗದಲ್ಲಿ ಒಂದು ಪದವನ್ನು ಹುಡುಕಲು ಸಾಧ್ಯವಿಲ್ಲ. 1990ರ ದಶಕದ ಉತ್ತರಾರ್ಧದಲ್ಲಿ ಮತ್ತು 2000ದ ದಶಕದಲ್ಲಿ ಬೆರಳಚ್ಚಾದ ಕನ್ನಡ ಪಠ್ಯಗಳಲ್ಲಿ ಹಲವು ಆಯಾ ತಂತ್ರಾಂಶದ ಅಕ್ಷರವಿನ್ಯಾಸಕ್ಕೆ ಕಟ್ಟುಬಿದ್ದಿದ್ದು, ಆ ಅಕ್ಷರವಿನ್ಯಾಸ ಇಲ್ಲದ ಗಣಕದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ತೋರುತ್ತವೆ. ಕನ್ನಡದ ಕೀಲಿಮಣೆಗೆ ಧ್ವನ್ಯನುಸಾರಿ ವಿನ್ಯಾಸವನ್ನು ಕೊಟ್ಟ ಕಿನ್ನಿಕಂಬಳ ಪದ್ಮನಾಭರಾಯರು ಇದೇ ಕರಾವಳಿಯವರು. ಅವರ ವಿನ್ಯಾಸವೇ 'ನುಡಿ' ತಂತ್ರಾಂಶದ ಕೀಲಿಮಣೆಗೆ ತಳಹದಿ. ಬರೆಯುವ ಸಮಸ್ಯೆಯನ್ನು ಕೀಲಿಮಣೆ ಬಗೆಹರಿಸಿತು. ಬರೆದದ್ದು ಎಲ್ಲ ಗಣಕಗಳಲ್ಲೂ ಉಳಿಯುವ ಸಮಸ್ಯೆ ಯುನಿಕೋಡ್ ಬಳಕೆಯಿಂದ ಬಗೆಹರಿಯಬೇಕಾಯಿತು. ತುಳು-ತಿಗಳಾರಿ ಲಿಪಿಗೆ ಯುನಿಕೋಡಿನಲ್ಲಿ ಸ್ಥಾನ ದೊರೆತದ್ದು 2024ರಲ್ಲಿ. ಆ ಲಿಪಿಯ ಹಸ್ತಪ್ರತಿಗಳು ಇನ್ನು ಮುಂದಷ್ಟೇ ಹುಡುಕಬಲ್ಲ ಪಠ್ಯಗಳಾಗಬೇಕಿದೆ.

ಧ್ವನಿ ಮತ್ತು ದೃಶ್ಯ

ಧ್ವನಿ ಹಾಗೂ ದೃಶ್ಯ ಮುದ್ರಿಕೆಗಳು ಕಲಿಕೆಗೆ ತಂದ ಅನುಕೂಲಗಳಲ್ಲಿ ಪುನರಾವರ್ತನೆ ಮುಖ್ಯವಾದುದು. ಗುರು ಒಂದು ಬಿಡ್ತಿಗೆಯನ್ನು ಹತ್ತು ಸಲ ತೋರಿಸಬಹುದು. ಮುದ್ರಿಕೆ ನೂರು ಸಲ ತೋರಿಸುತ್ತದೆ. ಹಿಂದೆ ಧ್ವನಿಸುರುಳಿಯನ್ನು ನಿಧಾನವಾಗಿ ಓಡಿಸಿದರೆ ಶ್ರುತಿಯೂ ಇಳಿಯುತ್ತಿತ್ತು. ಈಗಿನ ಸಾಧನಗಳು ಶ್ರುತಿಯನ್ನು ಕೆಡಿಸದೆ ವೇಗವನ್ನು ಅರ್ಧಕ್ಕೆ ಇಳಿಸಬಲ್ಲವು. ವೇಗದ ಯುದ್ಧಕುಣಿತವನ್ನು ಬಿಡಿಸಿ ನೋಡಲು ಇದು ನಿಜವಾದ ಸಹಾಯ. ಇಲ್ಲಿ ಸಾಧನವು ಬಾಯಿತಾಳದ ಒಂದು ಗುಣವನ್ನು, ಎಂದರೆ ನಿಧಾನಗೊಳಿಸುವ ಗುಣವನ್ನು, ತಾನೂ ಪಡೆದಿದೆ ಎನ್ನಬಹುದು.

ಮಿತಿಗಳೂ ಸ್ಪಷ್ಟವಾಗಿವೆ. ಮದ್ದಳೆಯ ಎಡಮಗ್ಗುಲಿನ ಮಂದ್ರನಾದವನ್ನು ಮೊಬೈಲಿನ ಪುಟ್ಟ ಧ್ವನಿವರ್ಧಕ ಹೊರಡಿಸಲಾರದು. ಬಲಮಗ್ಗುಲಿನ ತೀಕ್ಷ್ಣ ನುಡಿತಗಳು ಮಾತ್ರ ಕೇಳಿಸುವುದರಿಂದ ಮೊಬೈಲಿನಲ್ಲಿ ಮದ್ದಳೆ ಕಲಿಯಹೊರಟವನಿಗೆ ಅರ್ಧ ವಾದ್ಯವಷ್ಟೇ ದೊರೆಯುತ್ತದೆ. ದೃಶ್ಯಮುದ್ರಿಕೆಯಲ್ಲಿ ಕಲಾವಿದ ನೋಡುಗನಿಗೆ ಎದುರಾಗಿರುತ್ತಾನೆ. ಅವನ ಬಲ ಕಲಿಯುವವನ ಎಡವಾಗುತ್ತದೆ. ತರಗತಿಯಲ್ಲಿ ಗುರು ಬೆನ್ನು ತಿರುಗಿಸಿ ನಿಂತು ಈ ತೊಡಕನ್ನು ನಿವಾರಿಸುತ್ತಾನೆ. ಕ್ಯಾಮೆರಾ ವೇಷಧಾರಿಯ ಮುಖವನ್ನು ಹಿಡಿಯಲು ಹೊರಟಾಗ ಪಾದ ಚೌಕಟ್ಟಿನ ಹೊರಗುಳಿಯುತ್ತದೆ. ಪ್ರೇಕ್ಷಕರಿಗೆ ಇದರಿಂದ ನಷ್ಟವಿಲ್ಲ. ಕಲಿಯುವವನಿಗೆ ಬೇಕಾದದ್ದು ಆ ಪಾದವೇ. ಪ್ರದರ್ಶನದ ಮುದ್ರಿಕೆ ಬೇರೆ, ಪಾಠದ ಮುದ್ರಿಕೆ ಬೇರೆ ಎಂಬ ವಿವೇಕ ಇಲ್ಲಿ ಅಗತ್ಯ.

ದಾಖಲೆ ಮತ್ತು ಪಾಠಗಳ ಈ ವ್ಯತ್ಯಾಸಕ್ಕೆ ತುಳುನಾಡಿನಲ್ಲಿಯೇ ಒಂದು ಪ್ರಸಿದ್ಧ ನಿದರ್ಶನವಿದೆ. ಬೆಳ್ತಂಗಡಿ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರಿಂದ ಸಿರಿ ಮಹಾಕಾವ್ಯವನ್ನು ಲೌರಿ ಹಾಂಕೊ, ಆ್ಯನೆಲಿ ಹಾಂಕೊ, ಬಿ.ಎ. ವಿವೇಕ ರೈ ಹಾಗೂ ಕೆ. ಚಿನ್ನಪ್ಪ ಗೌಡ ಅವರ ತಂಡ 1990ರಲ್ಲಿ ದಾಖಲಿಸಿತು. 15,683 ಸಾಲುಗಳ ಆ ಪಠ್ಯ 1998ರಲ್ಲಿ ಫಿನ್ಲೆಂಡಿನಿಂದ ಪ್ರಕಟವಾಯಿತು. ಗಾಯಕನ ಮನಸ್ಸಿನಲ್ಲಿರುವ ಪಠ್ಯವು ಪ್ರತಿ ನಿರೂಪಣೆಯಲ್ಲಿಯೂ ಹೊಸದಾಗಿ ಮೈತಾಳುತ್ತದೆ ಎಂಬ ಹಾಂಕೊ ಅವರ ಪರಿಕಲ್ಪನೆ ಈ ಕಾರ್ಯದೊಂದಿಗೆ ಬೆಸೆದುಕೊಂಡಿದೆ. ಅಷ್ಟು ವಿಸ್ತಾರವಾದ ದಾಖಲೆಯೂ ಒಂದು ನಿರೂಪಣೆಯ ದಾಖಲೆಯೇ. ಅದನ್ನು ಕಂಠಪಾಠ ಮಾಡಿದವನು ಸಿರಿಪಾಡ್ದನದ ಗಾಯಕನಾಗುವುದಿಲ್ಲ. ಯಕ್ಷಗಾನದ ಮುದ್ರಿಕೆಗಳಿಗೂ ಈ ಮಾತು ಅನ್ವಯಿಸುತ್ತದೆ.

ಎಂ.ಜಿ.ಎಂ. ಕಾಲೇಜಿನಲ್ಲಿ ಕು.ಶಿ. ಹರಿದಾಸ ಭಟ್ಟರ ದೂರದೃಷ್ಟಿಯಿಂದ 1980ರ ದಶಕದಲ್ಲಿ ಆರಂಭವಾದ ಪ್ರಾದೇಶಿಕ ಜನಪದ ರಂಗಕಲೆಗಳ ಅಧ್ಯಯನ ಕೇಂದ್ರವು ಧ್ವನಿ ಹಾಗೂ ದೃಶ್ಯ ದಾಖಲೀಕರಣವನ್ನು ವ್ಯವಸ್ಥಿತವಾಗಿ ಕೈಗೊಂಡಿತು. ಅಂಥ ಶಾಸ್ತ್ರೀಯ ದಾಖಲೆಯಲ್ಲಿ ಕಲಾವಿದ, ಸ್ಥಳ, ದಿನ, ಸಂದರ್ಭಗಳ ವಿವರ ಅವಿಭಾಜ್ಯ ಅಂಗ. ಇಂದು ಅಂತರಜಾಲದಲ್ಲಿ ಹರಿದಾಡುವ ಮುದ್ರಿಕೆಗಳಲ್ಲಿ ಎಷ್ಟೋ ವೇಳೆ ಭಾಗವತನ ಹೆಸರೊಂದು ಬಿಟ್ಟರೆ ಮದ್ದಳೆಗಾರ, ಚಂಡೆಗಾರರ ಹೆಸರೂ ಇರುವುದಿಲ್ಲ. ಯಾವ ಮೇಳ, ಯಾವ ವರ್ಷ, ಬಯಲಾಟವೋ ಸಭಾಂಗಣದ ಕಾಲಮಿತಿಯ ಪ್ರಯೋಗವೋ ಎಂಬುದು ತಿಳಿಯದೆ ಆ ಮುದ್ರಿಕೆಯಿಂದ ಕಲಿಯುವುದು ಅಪಾಯಕಾರಿ.

ಆನ್‌ಲೈನ್ ತರಗತಿ ಮತ್ತು 2020ರ ಅನುಭವ

2020ರಲ್ಲಿ ಕೋವಿಡ್ ಕಾರಣದಿಂದ ಶಾಲೆಗಳು ಮುಚ್ಚಿದಾಗ ಡಿಜಿಟಲ್ ಸಾಧನಗಳು ಏಕಾಏಕಿ ಅನಿವಾರ್ಯವಾದವು. 2017ರಲ್ಲಿ ಆರಂಭವಾಗಿದ್ದ ದೀಕ್ಷಾ ವೇದಿಕೆಯ ಬಳಕೆ ಹೆಚ್ಚಿತು. 2020ರ ಜುಲೈಯಲ್ಲಿ ದೂರದರ್ಶನದ ಚಂದನ ವಾಹಿನಿಯ ಮೂಲಕ 'ಸಂವೇದ' ಪಾಠಗಳು ಆರಂಭವಾದವು. ಆಗಸ್ಟ್‌ನಲ್ಲಿ ಬಂದ 'ವಿದ್ಯಾಗಮ' ಕಾರ್ಯಕ್ರಮದಲ್ಲಿ ಸಾಧನಗಳಿಲ್ಲದ ಮಕ್ಕಳು, ಸಾಧಾರಣ ಮೊಬೈಲ್ ಉಳ್ಳವರು, ಅಂತರಜಾಲ ಸಹಿತ ಸಾಧನ ಉಳ್ಳವರು ಎಂಬ ಮೂರು ವಿಭಾಗಗಳನ್ನು ಮಾಡಲಾಯಿತು. ಶಿಕ್ಷಕರು ಮಕ್ಕಳಿರುವಲ್ಲಿಗೇ ಹೋಗಿ ಜಗಲಿ, ಮರದ ನೆರಳು, ಸಮುದಾಯ ಭವನಗಳಲ್ಲಿ ಪಾಠ ಹೇಳಿದರು. ಸೋಂಕಿನ ಭೀತಿಯಿಂದ ಅಕ್ಟೋಬರ್‌ನಲ್ಲಿ ಅದು ನಿಂತು, 2021ರ ಜನವರಿಯಲ್ಲಿ ಪುನಃ ಆರಂಭವಾಯಿತು. ಸಾಧನದ ಲಭ್ಯತೆಯನ್ನು ಲೆಕ್ಕಕ್ಕೆ ಹಿಡಿದು ಪಾಠವನ್ನು ರೂಪಿಸಿದ್ದು ಮತ್ತು ಸಾಧನವಿಲ್ಲದಲ್ಲಿಗೆ ಶಿಕ್ಷಕನನ್ನೇ ಕಳುಹಿಸಿದ್ದು ವಿದ್ಯಾಗಮದ ವೈಶಿಷ್ಟ್ಯ. 2020ರ ಅಸರ್ ಸಮೀಕ್ಷೆಯ ಪ್ರಕಾರ ದೇಶದ ಗ್ರಾಮೀಣ ಭಾಗದಲ್ಲಿ ಶಾಲೆಗೆ ದಾಖಲಾದ ಮಕ್ಕಳ ಕುಟುಂಬಗಳಲ್ಲಿ ಸ್ಮಾರ್ಟ್‌ಫೋನ್ ಇರುವವರ ಪ್ರಮಾಣ 2018ರ ಶೇ. 36.5ರಿಂದ ಶೇ. 61.8ಕ್ಕೆ ಏರಿತ್ತು. ಮನೆಗೊಂದು ಫೋನ್ ಇದ್ದರೂ ಅದು ಮನೆಯ ಯಜಮಾನನೊಂದಿಗೆ ಕೆಲಸಕ್ಕೆ ಹೋದಾಗ ಮಗುವಿಗೆ ಪಾಠವಿಲ್ಲ ಎಂಬ ಸತ್ಯವನ್ನು ಈ ಅಂಕಿಗಳು ಹೇಳುವುದಿಲ್ಲ.

ಈ ಅವಧಿಯಲ್ಲಿ ಯಕ್ಷಗಾನದ ಪಾಠಗಳೂ ಆನ್‌ಲೈನಿಗೆ ಬಂದವು. ಇಲ್ಲಿ ಎದುರಾದ ತಾಂತ್ರಿಕ ತೊಡಕು ಕಲೆಯ ಹೃದಯಕ್ಕೇ ಸಂಬಂಧಿಸಿದ್ದು. ಒಟ್ಟಿಗೆ ನುಡಿಸುವವರ ನಡುವೆ ಧ್ವನಿ ತಲುಪಲು ಸುಮಾರು 30 ಮಿಲಿಸೆಕೆಂಡಿಗಿಂತ ಹೆಚ್ಚು ಕಾಲ ಹಿಡಿದರೆ ತಾಳ ಜಾರತೊಡಗುತ್ತದೆ. ಸಾಮಾನ್ಯ ದೃಶ್ಯಕರೆಯಲ್ಲಿ ಈ ವಿಳಂಬ ನೂರು ಮಿಲಿಸೆಕೆಂಡನ್ನೂ ಮೀರುವುದುಂಟು. ಮಾತುಕತೆಗೆ ಇದು ಬಾಧಕವಲ್ಲ. ಗುರುವಿನ ಬಾಯಿತಾಳಕ್ಕೆ ಶಿಷ್ಯ ಹೆಜ್ಜೆ ಹಾಕಬೇಕಾದಾಗ ಮಾರಕ. ಶಿಷ್ಯ ಸರಿಯಾಗಿ ಕುಣಿದರೂ ಗುರುವಿಗೆ ಅದು ತಡವಾಗಿ ಕಾಣುತ್ತದೆ. ತಾಳ ತಪ್ಪಿದ್ದು ಶಿಷ್ಯನೋ ಜಾಲವೋ ಎಂದು ನಿರ್ಣಯಿಸಲು ಸಾಧ್ಯವಾಗುವುದಿಲ್ಲ. ಮಾತನ್ನು ಮಾತ್ರ ಉಳಿಸಿ ಗದ್ದಲವನ್ನು ತೆಗೆದುಹಾಕುವಂತೆ ರೂಪುಗೊಂಡ ತಂತ್ರಾಂಶಕ್ಕೆ ಚಂಡೆಯ ನಾದವೂ ಗದ್ದಲವೇ. ಸಭೆಗಳಿಗಾಗಿ ನಿರ್ಮಿಸಿದ ಉಪಕರಣವನ್ನು ಕಲೆಗೆ ಎರವಲು ತಂದಾಗ ಅದರೊಳಗಿನ ತೀರ್ಮಾನಗಳೂ ಜೊತೆಗೆ ಬರುತ್ತವೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಇದೇ ಅನುಭವದಿಂದ ಮತ್ತೊಂದು ದಾರಿಯೂ ತೆರೆಯಿತು. ವಿದ್ಯಾರ್ಥಿ ತಾನು ಹಾಡಿದ ಅಥವಾ ಕುಣಿದ ತುಣುಕನ್ನು ಮುದ್ರಿಸಿ ಕಳುಹಿಸುವುದು, ಗುರು ಅದನ್ನು ಬಿಡುವಿನಲ್ಲಿ ನೋಡಿ ತಪ್ಪನ್ನು ಗುರುತಿಸಿ ಧ್ವನಿಸಂದೇಶ ಕಳುಹಿಸುವುದು – ಈ ಸರಳ ವಿಧಾನದಲ್ಲಿ ವಿಳಂಬದ ಬಾಧೆಯಿಲ್ಲ. ತಿದ್ದುವಿಕೆ ಕ್ಷಣಾರ್ಧದಲ್ಲಿ ಆಗದಿದ್ದರೂ ಆಗುತ್ತದೆ. ನೇರಪ್ರಸಾರದ ಆಡಂಬರಕ್ಕಿಂತ ಈ ಸಾಮಾನ್ಯ ವಿಧಾನವೇ ಪರಂಪರೆಯ ತತ್ತ್ವಕ್ಕೆ ಹತ್ತಿರವಾದುದು.

ಏಕರೂಪತೆಯ ಅಪಾಯ ಮತ್ತು ಮಾತುಗಾರಿಕೆ

ಬಡಗುತಿಟ್ಟಿನೊಳಗೇ ಹಾರಾಡಿ, ಮಟಪಾಡಿ ಎಂಬ ಕವಲುಗಳನ್ನು ವಿದ್ವಾಂಸರು ಗುರುತಿಸಿದ್ದಾರೆ. ಬ್ರಹ್ಮಾವರದ ಆಸುಪಾಸಿನ ಈ ಎರಡು ಹಳ್ಳಿಗಳ ನಡುವಿನ ಅಂತರ ಅಲ್ಪ. ಹೆಜ್ಜೆಗಾರಿಕೆಯ ಹಾಗೂ ರಂಗನಡೆಯ ವ್ಯತ್ಯಾಸ ಗಣನೀಯ. ಗುರುವಿನಿಂದ ಗುರುವಿಗೆ ಭಿನ್ನವಾಗುತ್ತಿದ್ದ ಈ ಪಾಠಾಂತರಗಳೇ ಪರಂಪರೆಯ ಸಂಪತ್ತು. ಮುದ್ರಿಕೆಗಳು ಜನಪ್ರಿಯತೆಯ ಆಧಾರದಲ್ಲಿ ಕಲಿಯುವವನ ಮುಂದೆ ಬರುವಾಗ ಹೆಚ್ಚು ನೋಡಲ್ಪಟ್ಟದ್ದೇ ಮತ್ತೆ ಮತ್ತೆ ಮುಂದೆ ನಿಲ್ಲುತ್ತದೆ. ಕಾಳಿಂಗ ನಾವಡರ (1958–1990) ಭಾಗವತಿಕೆ ಧ್ವನಿಸುರುಳಿಗಳ ಮೂಲಕ ಮನೆಮನೆಗೆ ತಲುಪಿದ ಕಾಲದಲ್ಲಿಯೂ ಇದರ ಮುನ್ಸೂಚನೆ ಇತ್ತು. ಅವರ ಪ್ರತಿಭೆ ಅಸಾಮಾನ್ಯ. ಅವರನ್ನು ಅನುಕರಿಸಿದವರಲ್ಲಿ ಹಲವರಿಗೆ ದಕ್ಕಿದ್ದು ಅವರ ಶೈಲಿಯ ಹೊರಮೈ ಮಾತ್ರ. ಧ್ವನಿಸುರುಳಿ ಆರಂಭಿಸಿದ್ದನ್ನು ಅಂತರಜಾಲವು ಹೆಚ್ಚು ವೇಗದಲ್ಲಿ ಮುಂದುವರಿಸುತ್ತಿದೆ. ಪರ್ಕಳದ ವಿದ್ಯಾರ್ಥಿಯೊಬ್ಬ ತನ್ನ ನೆರೆಯ ಹಿರಿಯಡಕದ ನಡೆಯನ್ನು ಅರಿಯದೆ ಉತ್ತರ ಕನ್ನಡದ ಜನಪ್ರಿಯ ಪ್ರಯೋಗವೊಂದನ್ನು ಬಡಗುತಿಟ್ಟಿನ ಏಕೈಕ ರೂಪವೆಂದು ಭಾವಿಸುವ ಸಾಧ್ಯತೆ ಇಂದು ಕಾಲ್ಪನಿಕವೇನಲ್ಲ.

ಮಾತುಗಾರಿಕೆಯ ಮೇಲಿನ ಪರಿಣಾಮ ಇದಕ್ಕಿಂತ ಗಂಭೀರ. ಯಕ್ಷಗಾನದಲ್ಲಿ ಪದ್ಯವು ಸ್ಥಿರ, ಅರ್ಥವು ಆಶು. ಎದುರು ಪಾತ್ರಧಾರಿ ಏನು ಹೇಳುತ್ತಾನೆಂದು ಕೇಳಿ, ಅದಕ್ಕೆ ತಕ್ಕ ಉತ್ತರವನ್ನು ಆ ಕ್ಷಣದಲ್ಲಿ ಕಟ್ಟುವುದೇ ಅರ್ಥಗಾರಿಕೆ. ಶಾಲಾ ಮಕ್ಕಳ ಪ್ರದರ್ಶನಗಳಲ್ಲಿ ಸಂಭಾಷಣೆಯನ್ನು ಬರೆದುಕೊಟ್ಟು ಬಾಯಿಪಾಠ ಮಾಡಿಸುವುದು ಸಮಯದ ಅಭಾವದಿಂದ ರೂಢಿಗೆ ಬಂದಿದೆ. ಮೊಬೈಲಿನಲ್ಲಿ ಧ್ವನಿಮುದ್ರಿತ ಸಂಭಾಷಣೆ ದೊರೆತಾಗ ಈ ರೂಢಿ ಇನ್ನಷ್ಟು ಗಟ್ಟಿಯಾಗುತ್ತದೆ. ಮಗು ಶುದ್ಧವಾದ ಉಚ್ಚಾರಣೆಯನ್ನು ಕಲಿಯುವುದು ನಿಜ. ಮನೆಯಲ್ಲಿ ತುಳುವಾಡುವ ಮಗುವಿಗೆ ಅಲ್ಪಪ್ರಾಣ ಮಹಾಪ್ರಾಣಗಳ ಭೇದ ಹೀಗೆಯೇ ನಾಲಗೆಗೆ ಹತ್ತುವುದೂ ನಿಜ. ಆದರೆ ಎದುರಿನವನು ಮಾತು ಮರೆತರೆ ಅಥವಾ ಬೇರೆ ಮಾತು ಆಡಿದರೆ ಆ ಮಗು ನಿರುತ್ತರವಾಗಿ ನಿಲ್ಲುತ್ತದೆ. ಕನ್ನಡದಲ್ಲಿ ಯೋಚಿಸಿ ಕನ್ನಡದಲ್ಲಿ ಉತ್ತರಿಸುವ ಶಕ್ತಿಯೇ ಯಕ್ಷಗಾನ ಶಿಕ್ಷಣದ ಪರಮ ಲಾಭವೆಂದು ಒಪ್ಪುವುದಾದರೆ, ಆ ಲಾಭ ಮುದ್ರಿಕೆಯಿಂದ ದೊರೆಯುತ್ತಿಲ್ಲ.

ಪರಂಪರೆಯ ಮಿತಿಗಳು

ಮೇಲಿನ ವಿವೇಚನೆಯಿಂದ ಹಳೆಯ ಕ್ರಮವೇ ನಿರ್ದುಷ್ಟವಾಗಿತ್ತು ಎಂಬ ತೀರ್ಮಾನಕ್ಕೆ ಬರುವುದು ಸರಿಯಾಗದು. ಮೇಳದ ಕಲಿಕೆ ಹುಡುಗರಿಗೆ ಮಾತ್ರ ಮೀಸಲಾಗಿತ್ತು. ಆರು ತಿಂಗಳು ಊರೂರು ಅಲೆದು ಚೌಕಿಯಲ್ಲಿ ರಾತ್ರಿ ಕಳೆಯುವ ಜೀವನಕ್ರಮದಲ್ಲಿ ಹೆಣ್ಣುಮಕ್ಕಳಿಗೆ ಎಡೆಯಿರಲಿಲ್ಲ. ಶಾಲೆ ಬಿಟ್ಟವರೇ ಮೇಳ ಸೇರುತ್ತಿದ್ದುದರಿಂದ ವಿದ್ಯಾಭ್ಯಾಸ ಮತ್ತು ಕಲೆ ಪರಸ್ಪರ ವಿರೋಧಿಗಳಾಗಿದ್ದವು. ತಿದ್ದುವಿಕೆಯೂ ಗುರುವಿನ ಮನೋಧರ್ಮವನ್ನು ಅವಲಂಬಿಸಿತ್ತು. ಅದು ಬೈಗುಳವಾಗಿ, ಪೆಟ್ಟಾಗಿ ಪರಿಣಮಿಸಿದ ಸಂದರ್ಭಗಳೂ, ಬಲ್ಲವನು ಹೇಳಿಕೊಡದೆ ಉಳಿದ ಸಂದರ್ಭಗಳೂ ಇದ್ದವು. ಇಂದು ಶಾಲಾ ಯಕ್ಷಗಾನದಲ್ಲಿ ಹೆಣ್ಣುಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಮುಂಡಾಸು ಕಟ್ಟುತ್ತಿದ್ದಾರೆ. ರಾತ್ರಿಯಿಡೀ ಆಟ ನೋಡಲು ಹೋಗಲಾರದ ಹುಡುಗಿಗೆ ಮನೆಯಲ್ಲಿಯೇ ಹಿರಿಯ ಕಲಾವಿದರ ವೇಷವನ್ನು ಕಾಣುವ ಅವಕಾಶ ಕೊಟ್ಟದ್ದು ಡಿಜಿಟಲ್ ಸಾಧನವೇ. ಪರವೂರಿನಲ್ಲಿ, ಪರದೇಶದಲ್ಲಿ ನೆಲೆಸಿದ ಕರಾವಳಿಯ ಕುಟುಂಬಗಳ ಮಕ್ಕಳಿಗೆ ಬೇರೆ ದಾರಿಯೇ ಇಲ್ಲ. ಈ ಪ್ರಜಾಸತ್ತಾತ್ಮಕ ಗುಣವನ್ನು ನಿರಾಕರಿಸುವ ಯಾವ ವಿಮರ್ಶೆಯೂ ನ್ಯಾಯಯುತವಾಗದು.

ಉಪಸಂಹಾರ

ಯಕ್ಷಗಾನದ ಕಲಿಕೆಗೆ ಬಳಸುವ ಯಾವುದೇ ಡಿಜಿಟಲ್ ಸಾಧನವನ್ನು ಪರಿಶೀಲಿಸುವಾಗ ಈ ಕೆಳಗಿನ ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಉಚಿತ. ಕಲಿಯುವವನು ತಪ್ಪಿದಾಗ ಯಾರು, ಎಷ್ಟು ಬೇಗ ತಿದ್ದುತ್ತಾರೆ? ಒಂದೇ ಪದ್ಯದ, ಒಂದೇ ಕುಣಿತದ ಒಂದಕ್ಕಿಂತ ಹೆಚ್ಚು ಪಾಠಾಂತರಗಳು ಅಲ್ಲಿ ದೊರೆಯುತ್ತವೆಯೇ? ಕಲಾವಿದ, ಮೇಳ, ಸ್ಥಳ, ಕಾಲಗಳ ವಿವರ ಇದೆಯೇ? ಸಾಧನವಿಲ್ಲದ ಮಗುವಿಗೆ ಏನು ವ್ಯವಸ್ಥೆ? ಮೂರು ವರ್ಷಗಳಲ್ಲಿ ಆ ಸಾಧನ ಮರೆಯಾದರೆ ಅದರೊಳಗಿನ ಸಾಮಗ್ರಿ ಎಲ್ಲಿ ಉಳಿಯುತ್ತದೆ? ಕೊನೆಯದಾಗಿ, ಅದು ವಿದ್ಯಾರ್ಥಿಯನ್ನು ರಂಗಸ್ಥಳದತ್ತ ಒಯ್ಯುತ್ತದೆಯೋ ತೆರೆಯ ಮುಂದೆಯೇ ಕೂರಿಸುತ್ತದೆಯೋ?

ಈ ಅಳತೆಯಲ್ಲಿ ಪ್ರಸಂಗಕೋಶ, ಮಟ್ಟುಕೋಶಗಳಂಥ ಸಂಗ್ರಹಗಳು ಗುರುವಿನ ಪಕ್ಕದಲ್ಲಿ ಇರಬೇಕಾದ ಆಕರಗಳಾಗಿ ಸಮರ್ಥವಾಗಿವೆ. ನಿಧಾನಗತಿಯ ದೃಶ್ಯಮುದ್ರಿಕೆ ಮತ್ತು ಮುದ್ರಿಸಿ ಕಳುಹಿಸಿ ತಿದ್ದಿಸಿಕೊಳ್ಳುವ ವಿಧಾನ ಅಭ್ಯಾಸಕ್ಕೆ ಒಳ್ಳೆಯ ಪೂರಕಗಳು. ನೇರ ಆನ್‌ಲೈನ್ ಪಾಠವು ಪದ್ಯದ ಅರ್ಥ, ಕಥೆ, ಪಾತ್ರಪರಿಚಯಗಳಿಗೆ ಒದಗುತ್ತದೆ. ತಾಳ ಮತ್ತು ಕುಣಿತಕ್ಕೆ ಒದಗುವುದಿಲ್ಲ. ಅರ್ಥಗಾರಿಕೆಗೆ ಇಬ್ಬರು ಮಕ್ಕಳು ಎದುರುಬದುರು ಕೂತು ನಡೆಸುವ ಪುಟ್ಟ ತಾಳಮದ್ದಳೆಗೆ ಸಮನಾದ ಸಾಧನ ಇದುವರೆಗೆ ಕಂಡುಬಂದಿಲ್ಲ.

ಪತ್ತನಾಜೆಯ ಬಳಿಕ ಮೇಳಗಳು ಗೆಜ್ಜೆ ಬಿಚ್ಚಿದಾಗ ಕಲಾವಿದರು ಊರಿನಲ್ಲಿರುತ್ತಾರೆ. ಶಾಲೆಗಳು ತೆರೆಯುವುದೂ ಅದೇ ಹೊತ್ತಿಗೆ. ಮಳೆಗಾಲದ ಆ ನಾಲ್ಕೈದು ತಿಂಗಳು ಗುರುವಿನ ಸಾನ್ನಿಧ್ಯದ ಕಾಲ. ದೀಪಾವಳಿಯ ಸುಮಾರಿಗೆ ಮೇಳ ಹೊರಟ ಮೇಲೆ ಅಭ್ಯಾಸವನ್ನು ಕಾಯ್ದುಕೊಳ್ಳುವುದು ಮುದ್ರಿಕೆಯ ಕಾಲ. ಪರ್ಕಳದಂಥ ಊರುಗಳ ಶಾಲೆಗಳಿಗೆ ಸಾಧನಗಳನ್ನು ಒದಗಿಸುವ ಯೋಜನೆಗಳು ಈ ಋತುಮಾನವನ್ನು ಗಮನಿಸಿ ರೂಪುಗೊಂಡರೆ, ಸಾಧನಕ್ಕೆ ವೆಚ್ಚವಾಗುವ ಹಣದ ಒಂದಂಶವಾದರೂ ಮಳೆಗಾಲದಲ್ಲಿ ಗುರುಗಳ ಸಂಭಾವನೆಗೆ ಸಂದರೆ, ಯಂತ್ರ ಮತ್ತು ಗುರು ಎರಡೂ ತಮ್ಮ ತಮ್ಮ ಕೆಲಸವನ್ನು ಮಾಡಬಲ್ಲವು. ಹಾಗಾಗದೆ ಸಾಧನವನ್ನು ಗುರುವಿನ ಜಾಗದಲ್ಲಿ ಕೂರಿಸಿದರೆ, ಯಕ್ಷಗಾನವನ್ನು ಬಲ್ಲ ನೋಡುಗರ ಸಂಖ್ಯೆ ಹೆಚ್ಚೀತು; ತಪ್ಪನ್ನು ಗುರುತಿಸಿ ತಿದ್ದಬಲ್ಲವರ ಸಂಖ್ಯೆ ಮುಂದಿನ ತಲೆಮಾರಿಗೆ ಕಡಿಮೆಯಾದೀತು. ಆಗ ಮುದ್ರಿಕೆಯೊಂದು ತಪ್ಪಾಗಿದ್ದರೂ ಹಾಗೆಂದು ಹೇಳುವವರು ಉಳಿದಿರುವುದಿಲ್ಲ.